ದೊಡ್ಡ ರೇಡಿಯೇಟರ್ ಬೇಡ, ಗಾಳಿಗೆ ದಾರಿ ಕೊಡಿ

ಹಳೆಯ ಕಾರು ಬಿಸಿಯಾಗುತ್ತಿದೆ ಎಂದು ನಾಲ್ಕು ಜನರ ಮುಂದೆ ಹೇಳಿ ನೋಡಿ. ನಾಲ್ವರೂ ನಾಲ್ಕು ಸಾಮಾನಿನ ಹೆಸರು ಹೇಳುತ್ತಾರೆ. ಅಲ್ಯುಮಿನಿಯಂ ರೇಡಿಯೇಟರ್ ಹಾಕಿಸು. ಎಲೆಕ್ಟ್ರಿಕ್ ಫ್ಯಾನ್ ಹಾಕಿಸು. ವಾಟರ್ ಪಂಪ್ ಬದಲಿಸು. ಥರ್ಮೋಸ್ಟಾಟ್ ಕಿತ್ತೇ ಬಿಸಾಕು. ಎಲ್ಲವೂ ಅಂಗಡಿಯಲ್ಲಿ ಸಿಗುವ, ದುಡ್ಡು ಕೊಟ್ಟು ತರಬಹುದಾದ ಉತ್ತರಗಳೇ. ಕಾರಿನ ಮೂತಿಯಿಂದ ಒಳಬಂದ ಗಾಳಿ ನಿಜವಾಗಿ ರೇಡಿಯೇಟರ್ ಒಳಗೆ ಹೋಗುತ್ತಿದೆಯೇ ಎಂದು ಕೇಳುವವರು ಮಾತ್ರ ಸಿಗುವುದಿಲ್ಲ.

ನನ್ನ ವಾದ ಇಷ್ಟೇ. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ರೇಡಿಯೇಟರ್ ಮುಂದಿನ ಗಾಳಿಯ ಡಕ್ಟ್ ಅಲಂಕಾರದ ವಸ್ತುವಲ್ಲ, ಅದು ಕೂಲಿಂಗ್ ವ್ಯವಸ್ಥೆಯ ಅರ್ಧ ಭಾಗ. ಅದನ್ನು ಕಿತ್ತೆಸೆದು ಸಾವಿರಾರು ರೂಪಾಯಿಯ ರೇಡಿಯೇಟರ್ ಕೂರಿಸುವುದು ಬದು ಒಡೆದ ಗದ್ದೆಗೆ ದೊಡ್ಡ ಪಂಪ್‌ಸೆಟ್ ಇಟ್ಟಂತೆ.

ನಾನು ಹಾಸನದ ಕಡೆಯ ಹಳ್ಳಿಯವನು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಸ್ನಾತಕೋತ್ತರ ಓದಲು ಇಂಗ್ಲೆಂಡಿನ ಕೊವೆಂಟ್ರಿಗೆ ಬಂದಿದ್ದೇನೆ. ಒಂದು ಕಾಲಕ್ಕೆ ಇದು ಬ್ರಿಟನ್ನಿನ ಕಾರುಗಳ ಊರು. ಟ್ರಯಂಫ್ ಕಂಪನಿಯ ಕಾರ್ಖಾನೆ ಇಲ್ಲಿನ ಕ್ಯಾನ್ಲಿ ಎಂಬಲ್ಲಿತ್ತು. ಕಾರ್ಖಾನೆ ಈಗಿಲ್ಲ. ಆ ಜಾಗದ ರಸ್ತೆಗಳಿಗೆ ಹೆರಾಲ್ಡ್, ಡಾಲಮೈಟ್ ಎಂದು ಅಲ್ಲೇ ಹುಟ್ಟಿದ ಕಾರುಗಳ ಹೆಸರು ಉಳಿದಿದೆ. ನಾನು ಬಾಡಿಗೆಗಿರುವ ಮನೆಯ ಮಾಲೀಕರು ನಿವೃತ್ತ ಮೇಷ್ಟ್ರು. ಅವರ ಶೆಡ್ಡಿನಲ್ಲಿ 1975ರ ಟ್ರಯಂಫ್ ಸ್ಪಿಟ್‌ಫೈರ್ 1500 ಇದೆ. ಎರಡೇ ಸೀಟು, ತೆರೆದ ಮಾಡು, ಕೈ ಇಳಿಬಿಟ್ಟರೆ ರಸ್ತೆ ಮುಟ್ಟುತ್ತದೇನೋ ಅನ್ನುವಷ್ಟು ತಗ್ಗು.

ಈ ಕಾರು ನಮಗೆ ತೀರಾ ಪರಕೀಯವೇನಲ್ಲ. ಬೆಂಗಳೂರು, ಮೈಸೂರಿನ ಹಿರಿಯರನ್ನು ಕೇಳಿದರೆ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಕಾರನ್ನು ನೆನೆಯುತ್ತಾರೆ. ಮದರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಕಾರು ಅದು. ಇಲ್ಲಿನ ಟ್ರಯಂಫ್ ಹೆರಾಲ್ಡ್‌ನದೇ ಭಾರತೀಯ ರೂಪ. ಅದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ, ಇಟಲಿಯ ಜೊವಾನಿ ಮಿಕೆಲೊಟ್ಟಿ ಬರೆದ ಮೈಕಟ್ಟನ್ನು ಮೇಲೆ ಕೂರಿಸಿದ್ದೇ ಸ್ಪಿಟ್‌ಫೈರ್. 1962ರಿಂದ 1980ರವರೆಗೆ ತಯಾರಾಯಿತು. ಒಂದರ್ಥದಲ್ಲಿ ನಮ್ಮ ಹೆರಾಲ್ಡ್‌ನ ಚಿಕ್ಕಪ್ಪನ ಮಗ. ಎರಡರಲ್ಲೂ ಬಾನೆಟ್ ಜತೆ ಮುಂದಿನ ಮಡ್‌ಗಾರ್ಡ್, ಮೂತಿ ಎಲ್ಲ ಸೇರಿ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ ಕೆಲಸಕ್ಕೆ ಇಷ್ಟು ಅನುಕೂಲದ ಕಾರು ಇನ್ನೊಂದಿಲ್ಲ, ಚಕ್ರದ ಮೇಲೆಯೇ ಕೂತು ಸ್ಪಾನರ್ ಹಿಡಿಯಬಹುದು. ಡಕ್ಟ್ ಕೂರಿಸುವ ಕೆಲಸಕ್ಕೆ ಮಾತ್ರ ಇದೇ ತಲೆನೋವು. ಆ ಮಾತು ಆಮೇಲೆ.

ಮಾಲೀಕರ ಕಾರು ಪೇಟೆಯೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಹೆದ್ದಾರಿಗೆ ಹೋದರೆ ಹತ್ತೇ ನಿಮಿಷದಲ್ಲಿ ಮುಳ್ಳು ಕೆಂಪಿನತ್ತ ಏರುತ್ತಿತ್ತು. ಒಂದು ಸಲ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದಾಗ ನೀರು ಕುದಿದು, ಹೆದ್ದಾರಿ ಪಕ್ಕ ಎರಡು ಗಂಟೆ ಕಾದು, ಟ್ರಕ್ಕಿನ ಮೇಲೆ ಹೇರಿಸಿಕೊಂಡು ಬಂದಿದ್ದರು. ಆಮೇಲೆ ಒಂದು ಗ್ಯಾರೇಜಿಗೆ ಬಿಟ್ಟರು. ಅಲ್ಲಿ ಮೊದಲಿದ್ದದ್ದಕ್ಕಿಂತ ದಪ್ಪನೆಯ ಅಲ್ಯುಮಿನಿಯಂ ರೇಡಿಯೇಟರ್ ಹಾಕಿ, ಅದರ ಮುಂದೆ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ, ಐನೂರು ಪೌಂಡ್‌ಗೂ ಹೆಚ್ಚು ಬಿಲ್ ಮಾಡಿದರು. ಕಾರು ಮೊದಲಿಗಿಂತ ಬೇಗ ಕಾಯತೊಡಗಿತು! ಆಕೆ ಇನ್ನು ಆ ಕಾರಿನಲ್ಲಿ ಕೂರುವುದಿಲ್ಲ ಎಂದುಬಿಟ್ಟರು. ಅವರು ಕಾರನ್ನು ಮಾರಾಟಕ್ಕಿಡುವ ಜಾಹೀರಾತು ಬರೆದಿಟ್ಟುಕೊಂಡಿದ್ದರು. ಮದುವೆಯಾದ ವರ್ಷ ಇಬ್ಬರೂ ಅಂಥದ್ದೇ ಕಾರಿನಲ್ಲಿ ವೇಲ್ಸ್ ಸುತ್ತಿದ್ದವರಂತೆ. ಮಾರುವುದು ಅವರಿಗೆ ಬರೀ ಹಣದ ಲೆಕ್ಕವಾಗಿರಲಿಲ್ಲ.

ಈಗ ಸ್ವಲ್ಪ ವಿಜ್ಞಾನ, ಬೇಸರಿಸಬೇಡಿ. ಎಂಜಿನ್ ಸುಡುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ನೀರಿನ ಮೂಲಕ ರೇಡಿಯೇಟರ್‌ಗೆ ಬಂದು ಗಾಳಿಗೆ ಸೇರಬೇಕು. ಕಾರು ನಿಂತಿರುವಾಗ ಆ ಗಾಳಿಯನ್ನು ಎಳೆಯುವುದು ಫ್ಯಾನ್. ಕಾರು ಓಡುವಾಗ ಫ್ಯಾನಿನ ಕೆಲಸ ಬಹುಪಾಲು ಮುಗಿಯಿತು, ಎದುರುಗಾಳಿಯೇ ನೂಕುತ್ತದೆ. ಹಾಗಾಗಿ ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗಿ, ಹೊರಟ ಮೇಲೆ ತಣ್ಣಗಾದರೆ ಫ್ಯಾನಿನ ಕಡೆ ನೋಡಬೇಕು. ನಿಂತಾಗ ಸರಿಯಿದ್ದು ವೇಗದಲ್ಲಿ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬೇಕು, ಇಲ್ಲವೇ ಗಾಳಿ ಅದರೊಳಗೆ ಹೋಗುತ್ತಿರಬಾರದು. ಬೇರೆ ಕಾರಣಗಳೂ ಇರಬಹುದು, ಇಗ್ನಿಷನ್ ಟೈಮಿಂಗ್ ತಪ್ಪಿದ್ದರೂ ಎಂಜಿನ್ ಕಾಯುತ್ತದೆ. ಹೊಚ್ಚಹೊಸ ರೇಡಿಯೇಟರ್ ಕಟ್ಟಿಕೊಂಡಿರುವ ಸಾಧ್ಯತೆ ಕಡಿಮೆ. ಟೈಮಿಂಗ್ ನೋಡಿದೆ, ಸರಿಯಿತ್ತು. ಉಳಿದದ್ದು ಗಾಳಿ.

ಎದುರುಗಾಳಿ ಅಂದರೆ ಎಷ್ಟು ಬಲ? ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರಿನ ಮೂತಿಗೆ ಬಡಿಯುವ ಗಾಳಿಯ ಒತ್ತಡ, ಲೋಟದಲ್ಲಿ ಐದು ಸೆಂಟಿಮೀಟರ್ ಕೂಡ ಇಲ್ಲದ ನೀರಿನ ತೂಕದಷ್ಟು. 50 ಕಿಲೋಮೀಟರ್‌ಗೆ ಇಳಿದರೆ ಅದರ ಕಾಲು ಭಾಗ. ಅಷ್ಟೇ ಬಂಡವಾಳ. ಈ ಪುಟ್ಟ ಒತ್ತಡ ಸಣ್ಣ ಸಣ್ಣ ಕಿಂಡಿಗಳ ರೇಡಿಯೇಟರ್ ಮೂಲಕ ಗಾಳಿಯನ್ನು ತಳ್ಳಬೇಕು. ಪಕ್ಕದಲ್ಲಿ ಕೈ ತೂರುವಷ್ಟು ಸಂದು ಇದ್ದರೆ ಗಾಳಿ ಯಾಕೆ ಕಷ್ಟದ ದಾರಿ ಹಿಡಿಯುತ್ತದೆ? ನೀರೂ ಹಾಗೆಯೇ ತಾನೇ, ತಗ್ಗು ಕಂಡ ಕಡೆ ಹರಿಯುತ್ತದೆ.

ಸ್ಪಿಟ್‌ಫೈರ್‌ನ ಮೂತಿಯ ಕಿಂಡಿಗೂ ರೇಡಿಯೇಟರ್‌ಗೂ ನಡುವೆ ಸಾಕಷ್ಟು ಜಾಗ ಇದೆ. ಇದನ್ನು ಮುಚ್ಚಲು ಕಂಪನಿಯವರು ಎಡಬಲಕ್ಕೆ ಕಪ್ಪು ರಟ್ಟಿನ ಹಲಗೆ ಕೊಟ್ಟಿದ್ದರು. ಹೌದು, ರಟ್ಟು. ನೆನೆಯದಂತೆ ಒತ್ತಿ ಮಾಡಿದ ಗಟ್ಟಿ ರಟ್ಟೇ ಆದರೂ ಐವತ್ತು ಮಳೆಗಾಲ ತಡೆಯುತ್ತದೆಯೇ? ಅಂಚು ಮೆತ್ತಗಾಗಿ, ಸ್ಕ್ರೂ ತೂತು ಹರಿದು ಜೋತು ಬೀಳುತ್ತದೆ. ರೇಡಿಯೇಟರ್ ಬಿಚ್ಚಲು ಬಂದ ಮೆಕ್ಯಾನಿಕ್ಕಿಗೆ ಅದು ಯಾವುದೋ ಪ್ಯಾಕಿಂಗ್ ರಟ್ಟಿನಂತೆ ಕಾಣುತ್ತದೆ, ಕಸದ ಬುಟ್ಟಿಗೆ ಹೋಗುತ್ತದೆ. ನಮ್ಮ ಮಾಲೀಕರ ಕಾರಿನಲ್ಲೂ ಆದದ್ದು ಅದೇ. ಸ್ಕ್ರೂ ತೂತುಗಳು ಖಾಲಿಯಿದ್ದವು. ಮೆಕ್ಯಾನಿಕ್ಕನ್ನೊಬ್ಬನನ್ನೇ ಬೈಯುವುದೂ ಸರಿಯಲ್ಲ. ಮುಖ್ಯವಾದ ಭಾಗವನ್ನು ಅಮುಖ್ಯವಾಗಿ ಕಾಣುವಂತೆ ಮಾಡಿದ ಕಂಪನಿಗೂ ಇದರಲ್ಲಿ ಪಾಲಿದೆ. ನಾಲ್ಕು ಕಾಸು ಉಳಿಸಲು ತಗಡಿನ ಬದಲು ರಟ್ಟು ಹಾಕಿದರು, ಐವತ್ತು ವರ್ಷದ ನಂತರ ಇನ್ನೊಬ್ಬರು ಬಿಲ್ ಕಟ್ಟುತ್ತಿದ್ದಾರೆ.

ದಪ್ಪ ರೇಡಿಯೇಟರ್ ಹಾಕಿದ ಮೇಲೆ ಕಾರು ಇನ್ನೂ ಬೇಗ ಕಾದದ್ದೇಕೆ ಎಂಬುದೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ದಪ್ಪಗಾದಷ್ಟೂ ಗಾಳಿಗೆ ಅಡ್ಡಿ ಹೆಚ್ಚು. ಪಕ್ಕದ ಸಂದು ತೆರೆದೇ ಇರುವಾಗ ಅಡ್ಡಿ ಹೆಚ್ಚಿಸಿದರೆ ಗಾಳಿ ಇನ್ನಷ್ಟು ಪಕ್ಕಕ್ಕೆ ಸರಿಯುತ್ತದೆ. ಅದರ ಮುಂದೆ ಫ್ಯಾನ್ ಬೇರೆ. ವೇಗದಲ್ಲಿ ಅದರ ರೆಕ್ಕೆ, ಮೋಟಾರು ಎಲ್ಲ ಗಾಳಿಗೆ ಅಡ್ಡ ನಿಂತ ಗೋಡೆಯೇ. ಐನೂರು ಪೌಂಡ್ ಕೊಟ್ಟು ಗಾಳಿಯನ್ನು ಹೊರಗೆ ಕಳಿಸುವ ವ್ಯವಸ್ಥೆ ಮಾಡಿಸಿಕೊಂಡಂತಾಗಿತ್ತು.

ಇದನ್ನೆಲ್ಲ ನಾನು ಮಾಲೀಕರಿಗೆ ಹೇಳಿದಾಗ ಅವರು ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ, ನೋಡಬಹುದಿತ್ತು. ಆಕೆಯ ಹೆಣಿಗೆ ಬುಟ್ಟಿಯಿಂದ ಕೆಂಪು ಉಲ್ಲನ್ ದಾರ ತಂದು, ಬೆರಳುದ್ದ ಕತ್ತರಿಸಿ ರೇಡಿಯೇಟರ್ ಮುಖದ ಮೇಲೂ ಅಂಚಿನಲ್ಲೂ ಅಂಟಿಸಿದೆವು. ಮೂತಿಯೊಳಗೆ ನನ್ನ ಹಳೆಯ ಮೊಬೈಲನ್ನು ಬಿಗಿಯಾಗಿ ಕಟ್ಟಿ ವಿಡಿಯೊ ಹಾಕಿ ಒಂದು ಸುತ್ತು ಹೋಗಿ ಬಂದೆವು. ನಡುವಿನ ದಾರಗಳು ಅಲ್ಲಲ್ಲೇ ತೂಗಾಡುತ್ತಿದ್ದವು. ಅಂಚಿನ ದಾರಗಳು ಮಾತ್ರ ಬಾವುಟದಂತೆ ಸೆಟೆದು ಹೊರಕ್ಕೆ, ಚಕ್ರದ ಕಡೆಗೆ ತೋರಿಸುತ್ತಿದ್ದವು. ಆ ವಿಡಿಯೊವನ್ನು ಮಾಲೀಕರು ಮೂರು ಸಲ ನೋಡಿದರು. ಜಾಹೀರಾತಿನ ಕಾಗದ ಅಲ್ಲೇ ಮೇಜಿನ ಮೇಲಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಯಾವ ಕೆಲಸಕ್ಕೂ ಕೈಹಾಕಬೇಡಿ. ಈ ಕಾರುಗಳಲ್ಲಿ ಪೆಟ್ರೋಲ್ ಮೀಟರು, ಉಷ್ಣತೆಯ ಮೀಟರು ಎರಡಕ್ಕೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್. ಅದು ಕೆಟ್ಟರೆ ಎರಡೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಟ್ಯಾಂಕ್ ತುಂಬಿದಷ್ಟಕ್ಕಿಂತ ಹೆಚ್ಚು ತೋರಿಸುತ್ತಿದ್ದರೆ ಬಿಸಿಯ ಮುಳ್ಳನ್ನೂ ಅನುಮಾನಿಸಿ. ನಾವು ರೇಡಿಯೇಟರ್‌ನ ಮೇಲಿನ ಹೋಸಿಗೆ ಥರ್ಮೋಕಪಲ್ ತಂತಿ ಕಟ್ಟಿ, ಅದರ ಮೀಟರನ್ನು ಸೀಟಿನ ಹತ್ತಿರ ಇಟ್ಟುಕೊಂಡೆವು. ಎ46 ಹೆದ್ದಾರಿಯಲ್ಲಿ ವಾರಿಕ್ ಕಡೆಗೆ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರ್ ವೇಗದಲ್ಲಿ ಹೋದಾಗ 103 ಡಿಗ್ರಿ ತೋರಿಸಿ ಇನ್ನೂ ಏರುತ್ತಲೇ ಇತ್ತು. ಥರ್ಮೋಸ್ಟಾಟ್ ತೆರೆಯುವುದು 82ಕ್ಕೆ. ಅಲ್ಲಿಗೆ ಮುಳ್ಳು ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿಯಾಯಿತು. ಅಲ್ಲಿಂದ ಮೆಲ್ಲಗೆ ವಾಪಸ್ ಬಂದೆವು.

ಡಕ್ಟ್ ಮಾಡುವ ಕೆಲಸ ಶುರುವಾಗುವುದು ತಗಡಿನಿಂದಲ್ಲ, ಕಾರ್ನ್‌ಫ್ಲೇಕ್ಸ್ ಡಬ್ಬಿಯಿಂದ. ಡಬ್ಬಿ ಬಿಡಿಸಿ, ಕತ್ತರಿಯಲ್ಲಿ ಕತ್ತರಿಸುತ್ತ, ಟೇಪ್ ಅಂಟಿಸುತ್ತ ಎಡಕ್ಕೊಂದು, ಬಲಕ್ಕೊಂದು, ಕೆಳಗೊಂದು ಅಚ್ಚು ಮಾಡಿಕೊಂಡೆವು. ಎರಡೂ ಬದಿ ಒಂದೇ ಥರ ಇರುತ್ತವೆ ಅಂದುಕೊಳ್ಳಬೇಡಿ. ಒಂದು ಕಡೆ ಹಾರ್ನ್, ಇನ್ನೊಂದು ಕಡೆ ವೈರಿನ ಕಟ್ಟು, ಕೆಳಗೆ ಆ್ಯಂಟಿ-ರೋಲ್ ಬಾರ್. ಆ ಬಾರ್ ಚಕ್ರದ ಜತೆ ಮೇಲೆ ಕೆಳಗೆ ಆಡುತ್ತದೆ, ಅದಕ್ಕೆ ಬೆರಳಿನಷ್ಟು ಜಾಗ ಬಿಡಬೇಕು. ಮೂರು ಶನಿವಾರ ಬರೀ ಅಚ್ಚಿಗೇ ಹೋಯಿತು.

ಹಿಂದೆ ಹೇಳಿದ ತಲೆನೋವು ಇಲ್ಲಿದೆ. ಬಾನೆಟ್ ಮೂತಿಯ ಸಮೇತ ಮುಂದಕ್ಕೆ ಮಗುಚುವುದರಿಂದ ಡಕ್ಟನ್ನು ಬಾನೆಟ್ಟಿಗೂ ರೇಡಿಯೇಟರ್‌ಗೂ ಸೇರಿಸಿ ಬಿಗಿಯುವಂತಿಲ್ಲ. ತಗಡು ಚಾಸಿಯ ಕಡೆ ನಿಲ್ಲಬೇಕು, ಬಾನೆಟ್ ಮುಚ್ಚಿದಾಗ ಅದಕ್ಕೆ ತಾಗಿಯೂ ತಾಗದಂತಿರಬೇಕು. ಮುಚ್ಚಿದ ಬಾನೆಟ್ ಒಳಗೆ ಎಷ್ಟು ಸಂದಿದೆ ಎಂದು ಕಾಣುವುದಾದರೂ ಹೇಗೆ? ಮಕ್ಕಳು ಬೊಂಬೆ ಮಾಡುವ ಮೆತ್ತನೆ ಕ್ಲೇ ತಂದು, ಅಚ್ಚಿನ ಅಂಚಿನ ಮೇಲೆ ಗೋಲಿಗಳಂತೆ ಸಾಲಾಗಿ ಇಟ್ಟು ಬಾನೆಟ್ ಮುಚ್ಚಿ ತೆರೆದೆವು. ಚಪ್ಪಟೆಯಾದ ಗೋಲಿಯ ದಪ್ಪ ಅಳೆದರೆ ಅದೇ ಸಂದು. ಎಲ್ಲ ಕಡೆ ಸುಮಾರು ಹತ್ತು ಮಿಲಿಮೀಟರ್ ಬರುವವರೆಗೆ ಅಂಚು ತಿದ್ದಿ, ಕೊನೆಗೆ ಆ ಸಂದಿಗೆ ಮೆತ್ತನೆ ಸ್ಪಂಜಿನ ಪಟ್ಟಿ ಅಂಟಿಸಿದರೆ ಗಾಳಿ ಸೋರುವುದಿಲ್ಲ, ತಗಡೂ ಬಾನೆಟ್ಟೂ ಒಂದನ್ನೊಂದು ಉಜ್ಜುವುದಿಲ್ಲ. ನೀರು ಹೀರದ ಸ್ಪಂಜೇ ಬೇಕು. ಸಾಮಾನ್ಯ ಸ್ಪಂಜು ಒಂದೇ ಮಳೆಗೆ ತುಕ್ಕಿನ ತವರುಮನೆ.

ತಗಡು 1.2 ಮಿಲಿಮೀಟರ್ ಅಲ್ಯುಮಿನಿಯಂ. ಎರಡು ಮರದ ತುಂಡುಗಳ ನಡುವೆ ಹಿಡಿದು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಅಂಚು ಬಾಗುತ್ತದೆ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ರಬ್ಬರ್ ಬಾರ್ಡರ್ ತೊಡಿಸಿದೆವು, ಇಲ್ಲವಾದರೆ ಮುಂದೊಂದು ದಿನ ಅದು ಹೋಸನ್ನೋ ಯಾರದ್ದೋ ಕೈಯನ್ನೋ ಕುಯ್ಯುತ್ತದೆ. ಉಕ್ಕಿನ ಚಾಸಿಗೆ ಅಲ್ಯುಮಿನಿಯಂ ನೇರವಾಗಿ ತಾಗಿದರೆ ಉಪ್ಪುನೀರಿನಲ್ಲಿ ಕೊರೆತ ಶುರುವಾಗುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೇ ಉಪ್ಪು ಸುರಿಯುತ್ತಾರೆ. ಆದ್ದರಿಂದ ಬೋಲ್ಟಿಗೆ ರಬ್ಬರ್ ವಾಷರ್. ಚಾಸಿ ಗುಂಡಿ ರಸ್ತೆಯಲ್ಲಿ ತುಸು ತಿರುಚಿಕೊಳ್ಳುವುದರಿಂದ ಕಟ್ಟುನಿಟ್ಟಾಗಿ ಬಿಗಿದ ತಗಡು ಸೀಳುತ್ತದೆ, ಅದಕ್ಕೂ ರಬ್ಬರೇ ಮದ್ದು. ಹೊಸ ತೂತು ಒಂದನ್ನೂ ಕೊರೆಯಲಿಲ್ಲ. ರಟ್ಟು ಕೂತಿದ್ದ ಹಳೆಯ ತೂತುಗಳನ್ನೇ ಬಳಸಿಕೊಂಡೆವು. ನಾಳೆ ಯಾರಿಗಾದರೂ ಮೂಲ ರಟ್ಟೇ ಬೇಕೆನಿಸಿದರೆ ಹತ್ತು ನಿಮಿಷದ ಕೆಲಸ. ರೇಡಿಯೇಟರ್ ಮುಂದಿನ ಫ್ಯಾನನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದೆವು, ಎಂಜಿನ್ ತಿರುಗಿಸುವ ಮೂಲ ಫ್ಯಾನ್ ಇನ್ನೂ ಅಲ್ಲೇ ಇತ್ತು. ತಗಡು, ಸ್ಪಂಜು, ಬೋಲ್ಟು, ಕ್ಲೇ ಎಲ್ಲ ಸೇರಿ ಖರ್ಚು ನಲವತ್ತು ಪೌಂಡ್ ದಾಟಲಿಲ್ಲ.

ಅದೇ ಹೆದ್ದಾರಿ, ಅದೇ ವೇಗ, ಹೆಚ್ಚುಕಡಿಮೆ ಅಷ್ಟೇ ಬಿಸಿಲು. ಮೀಟರು 90ಕ್ಕೆ ಬಂದು ನಿಂತಿತು. ಅಲ್ಲಿಂದ ಕದಲಲಿಲ್ಲ.

ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಬ್ರಿಟನ್ನಿನ ಎಂಜಿನಿಯರ್ ಎಫ್.ಡಬ್ಲ್ಯೂ. ಮೆರೆಡಿತ್ 1930ರ ದಶಕದಲ್ಲೇ ವಿಮಾನಗಳ ರೇಡಿಯೇಟರ್‌ಗೆ ಸರಿಯಾದ ಡಕ್ಟ್ ಕೊಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಚಿಕ್ಕ ಬಾಯಿಯಿಂದ ಒಳಬಂದ ಗಾಳಿ ನಿಧಾನಕ್ಕೆ ಅಗಲವಾಗುವ ದಾರಿಯಲ್ಲಿ ವೇಗ ಕಳೆದುಕೊಂಡು ಒತ್ತಡ ಗಳಿಸುತ್ತದೆ, ಆ ಒತ್ತಡ ಅದನ್ನು ರೇಡಿಯೇಟರ್ ಮೂಲಕ ದಾಟಿಸುತ್ತದೆ. ಹಿಂದೆ ಬಿಸಿಯಾಗಿ ಹೊರಡುವ ಗಾಳಿ ವಿಮಾನವನ್ನು ಒಂದಿಷ್ಟು ಮುಂದಕ್ಕೂ ನೂಕುತ್ತದೆ. ಈ ತತ್ವವನ್ನು ಬಳಸಿಕೊಂಡ ವಿಮಾನಗಳಲ್ಲಿ ಒಂದು ಸೂಪರ್‌ಮರೀನ್ ಸ್ಪಿಟ್‌ಫೈರ್. ಆ ಯುದ್ಧವಿಮಾನದ ಹೆಸರು ಹೊತ್ತ ಕಾರು ಡಕ್ಟ್ ಕಳೆದುಕೊಂಡು ರಸ್ತೆ ಪಕ್ಕ ಕುದಿಯುತ್ತ ನಿಂತಿತ್ತು ಅನ್ನುವುದು ನನಗೆ ನಗು ತರಿಸುತ್ತದೆ, ಮಾಲೀಕರಿಗೆ ಅಷ್ಟಾಗಿ ಅಲ್ಲ.

ನಮ್ಮೂರಿಗೆ ಇದು ಇನ್ನೂ ಹಳೆಯ ಸುದ್ದಿ. ಒಲೆ ಮುಂದೆ ಕೂತ ಅಜ್ಜಿ ಬರಿ ಬಾಯಿಂದ ಊದುತ್ತಿರಲಿಲ್ಲ, ಊದುಗೊಳವೆ ಹಿಡಿಯುತ್ತಿದ್ದಳು. ಉಸಿರು ಅದೇ, ಕೆಂಡಕ್ಕೆ ತಲುಪುವುದು ಬೇರೆ. ಭತ್ತದ ಒಕ್ಕಣೆ ಕಾಲದಲ್ಲಿ ಟ್ರ್ಯಾಕ್ಟರ್ ಕಾದರೆ ಅಪ್ಪ ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತಿರಲಿಲ್ಲ. ‘ಮೊದ್ಲು ಜಾಲ್ರಿ ನೋಡೋ’ ಅನ್ನುತ್ತಿದ್ದರು. ಹೊಟ್ಟು ಮೆತ್ತಿರುತ್ತಿತ್ತು. ಪೊರಕೆ ಕಡ್ಡಿಯಲ್ಲಿ ಕೆರೆದು ಬಿಟ್ಟರೆ ಮತ್ತೆ ಓಡುತ್ತಿತ್ತು. ಈ ಸಲ ಇಲ್ಲಿನ ಕತೆಯನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ, ‘ಅದ್ಕೆ ಇಂಗ್ಲೆಂಡ್‌ಗೇ ಹೋಗ್ಬೇಕಿತ್ತೇನೋ?’

ಕೊಟ್ಟ ಪೆಟ್ಟು ಸರಿಯಾಗಿಯೇ ಬಿತ್ತು. ನಾಲ್ಕು ವರ್ಷದ ಎಂಜಿನಿಯರಿಂಗ್‌ನಲ್ಲಿ ನಮ್ಮ ಬ್ಯಾಚಿನ ಎಷ್ಟೋ ಗೆಳೆಯರು ಗಾಳಿಯ ಹರಿವನ್ನು ಕಂಪ್ಯೂಟರ್ ಪರದೆಯ ಮೇಲೆ ಬಣ್ಣಬಣ್ಣದಲ್ಲಿ ಬಿಡಿಸಿದ್ದಾರೆ. ನಿಜವಾದ ರೇಡಿಯೇಟರ್ ಮುಂದೆ ಒಂದು ದಾರ ಕಟ್ಟಿ ನೋಡಿದವರು ಕಡಿಮೆ. ಅದೇ ಬೆಂಗಳೂರಿನ ಶಿವಾಜಿನಗರದಲ್ಲಿ ಟಿಂಕರಿಂಗ್ ಮಾಡುವ ಹುಡುಗನ ಕೈಗೆ ನಮ್ಮ ಕಾರ್ನ್‌ಫ್ಲೇಕ್ಸ್ ಅಚ್ಚು ಕೊಟ್ಟಿದ್ದರೆ ಚಹಾ ಆರುವ ಮೊದಲು ತಗಡು ಬಾಗಿಸಿ ಕೊಡುತ್ತಿದ್ದ. ನಾವು ಅವನ ಅಂಗಡಿಗೆ ಹೋಗುವುದು ಡೊಂಕು ತೆಗೆಸಲು ಮಾತ್ರ, ಕಲಿಯಲು ಅಲ್ಲ. ಕಾಲೇಜುಗಳು ವಾರಕ್ಕೊಂದು ಮಧ್ಯಾಹ್ನ ಇಂಥವರನ್ನು ಕರೆಸಿ ವರ್ಕ್‌ಶಾಪ್ ಪಾಠ ಮಾಡಿಸಲಿ, ಸಂಭಾವನೆಯನ್ನೂ ಮರ್ಯಾದೆಯಿಂದ ಕೊಡಲಿ ಎಂದು ನಾನು ಕೇಳಿದರೆ ಅತಿ ಅನಿಸಬಾರದು.

ನನ್ನ ಮಾತಿಗೆ ಎರಡು ಕಡೆಯಿಂದ ಆಕ್ಷೇಪವಿದೆ. ‘ಹಳೇ ಬ್ರಿಟಿಷ್ ಕಾರು ಅಂದಮೇಲೆ ಕಾಯೋದೇ, ಅದರ ಜಾತಕವೇ ಹಾಗೆ’ ಅನ್ನುವವರು ಒಂದು ಕಡೆ. ಈ ಕಾರುಗಳನ್ನು ಅಮೆರಿಕದಲ್ಲೂ ಧಾರಾಳವಾಗಿ ಮಾರಿದ್ದರು. ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ದಿನಾ ಕುದಿಯುತ್ತಿದ್ದರೆ ಯಾರು ಕೊಳ್ಳುತ್ತಿದ್ದರು? ಹೊಸತರಲ್ಲಿ ಸರಿಯಿದ್ದದ್ದು ಈಗ ಸರಿಯಿಲ್ಲ ಅಂದರೆ ನಡುವೆ ಏನೋ ಕಳೆದುಹೋಗಿದೆ ಎಂದರ್ಥ. ಇನ್ನೊಂದು ಕಡೆ ಅಪ್ಪಟ ಮೂಲರೂಪದ ಭಕ್ತರು. ಅವರ ಪ್ರಕಾರ ರಟ್ಟಿದ್ದಲ್ಲಿ ರಟ್ಟೇ ಇರಬೇಕು, ಅಲ್ಯುಮಿನಿಯಂ ಅಪಚಾರ. ಪ್ರದರ್ಶನದಲ್ಲಿ ಹುಲ್ಲಿನ ಮೇಲೆ ನಿಲ್ಲುವ ಕಾರಿಗೆ ಆ ವಾದ ಒಪ್ಪುತ್ತೇನೆ, ಹೊಸ ರಟ್ಟಿನ ತುಂಡುಗಳು ಇಲ್ಲಿ ಕೊಳ್ಳಲೂ ಸಿಗುತ್ತವೆ. ಮಳೆಯಲ್ಲಿ ಓಡುವ ಕಾರಿಗೆ ನಾನು ತಗಡಿನ ಪರ. ಉಳಿಸಬೇಕಾದದ್ದು ಆ ಭಾಗ ಮಾಡುತ್ತಿದ್ದ ಕೆಲಸವನ್ನು. ರಟ್ಟನ್ನು ಆರಿಸಿದ್ದು ಎಂಜಿನಿಯರೋ ಲೆಕ್ಕಪತ್ರದ ಗುಮಾಸ್ತನೋ ಯಾರು ಬಲ್ಲರು.

ಡಕ್ಟ್ ಎಲ್ಲ ರೋಗಕ್ಕೂ ಮದ್ದು ಎಂದು ಹೊರಟರೆ ನಾನೂ ಆ ನಾಲ್ಕು ಜನರ ಸಾಲಿಗೆ ಸೇರುತ್ತೇನೆ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ, ಎಂಜಿನ್ ಒಳಗೆ ಕೆಸರು ಕಟ್ಟಿದ್ದರೆ ತಗಡು ಏನೂ ಮಾಡಲಾರದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಹೆರಾಲ್ಡ್‌ಗೆ ಎದುರುಗಾಳಿಯೇ ಇಲ್ಲವಲ್ಲ, ಅಲ್ಲಿ ಒಳ್ಳೆಯ ಫ್ಯಾನ್ ಬೇಕೇ ಬೇಕು. ಆದರೆ ಅಲ್ಲೂ ರೇಡಿಯೇಟರ್ ಸುತ್ತ ಸಂದು ಮುಚ್ಚಿರಲಿ. ಇಲ್ಲದಿದ್ದರೆ ಎಂಜಿನ್ನಿಗೆ ಬಡಿದು ಬಿಸಿಯಾದ ಗಾಳಿಯೇ ಪಕ್ಕದಿಂದ ಮುಂದಕ್ಕೆ ಬಂದು, ಫ್ಯಾನ್ ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ನಿಮ್ಮ ತಾತನ ಹೆರಾಲ್ಡ್ ಇನ್ನೂ ಶೆಡ್ಡಿನಲ್ಲಿದ್ದರೆ, ಹೊಸ ಸಾಮಾನು ತರಿಸುವ ಮೊದಲು ಬಾನೆಟ್ ಮಗುಚಿ ರೇಡಿಯೇಟರ್ ಅಕ್ಕಪಕ್ಕ ಒಮ್ಮೆ ಕೈಯಾಡಿಸಿ. ಖಾಲಿ ಸ್ಕ್ರೂ ತೂತು ಸಿಕ್ಕರೆ ಅಲ್ಲಿ ಏನಿತ್ತು ಎಂದು ಕೇಳಿ.

ಮಾಲೀಕರು ತಗಡಿಗೆ ಮಂಕು ಕಪ್ಪು ಬಣ್ಣ ಬಳಿದಿದ್ದಾರೆ. ಕ್ಲಬ್ಬಿನ ಗೆಳೆಯರಿಗೆ ರಟ್ಟಿನಂತೆಯೇ ಕಾಣಲಿ ಎಂಬ ಆಸೆ. ಆಗಸ್ಟ್‌ನಲ್ಲಿ ವೇಲ್ಸ್‌ಗೆ ಹೊರಡುವ ಮಾತಿದೆ. ಆಕೆ ಇನ್ನೂ ಪೂರ್ತಿ ಒಪ್ಪಿಲ್ಲ. ಥರ್ಮೋಕಪಲ್ ಮೀಟರು ತನ್ನ ಸೀಟಿನ ಪಕ್ಕದಲ್ಲೇ ಇರಬೇಕು, ಅದು 95 ದಾಟಿದರೆ ಕಾರು ಅಲ್ಲೇ ನಿಲ್ಲಬೇಕು ಎಂಬ ಷರತ್ತು ಹಾಕಿದ್ದಾರೆ.